ಫೋನಿನೊಳಗಿನ ಅಕ್ಕ

ಬೀದಿಗೆಲ್ಲ ಅವಳು ಟೈಲರಕ್ಕ. ಹಾಲು ಹಾಕುವವನಿಂದ ಹಿಡಿದು ಎದುರಂಗಡಿಯ ಮುದುಕರವರೆಗೆ ಯಾರು ಅಕ್ಕ ಅಂದರೂ ಹ್ಞೂಂ ಅನ್ನುತ್ತಾಳೆ. ಆದರೆ ಸ್ವಂತ ತಂಗಿ ಇನ್ಯಾರನ್ನೋ ಅಕ್ಕ ಅಂದದ್ದು ಕಿವಿಗೆ ಬಿದ್ದಾಗಿನಿಂದ ಅವಳ ಹೊಲಿಗೆಯೇ ಸೊಟ್ಟಗಾಗಿದೆ. ಗಿರಾಕಿಗಳ ಅಂಗಿಯ ಎರಡು ತೋಳೂ ಒಂದೇ ಅಳತೆಗೆ ಬರುತ್ತಿಲ್ಲ. ಕೇಳುವ ಧೈರ್ಯ ಯಾರಿಗಿದೆ?

ತಂಗಿಗೆ ಕರುಳಿನ ಆಪರೇಷನ್ ಆಗಿ, ಮಲ ಹೊರಹೋಗಲು ಹೊಟ್ಟೆಯ ಮೇಲೊಂದು ಚೀಲ ಅಂಟಿಸಿದ್ದಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕೂತವಳು ಟೈಲರಕ್ಕ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ. ಮನೆಗೆ ಕರೆತಂದ ಮೇಲೆ, ಚೀಲ ಯಾರ ಕಣ್ಣಿಗೂ ಬೀಳಬಾರದೆಂದು, ಯಾರೂ ಕೇಳದಿದ್ದರೂ, ಡೇರೆಯಂಥ ದೊಗಳೆ ಅಂಗಿಗಳನ್ನು ಹೊಲಿದು ರಾಶಿ ಹಾಕಿದಳು. ತಂಗಿ ಒಂದನ್ನೂ ಮುಟ್ಟಲಿಲ್ಲ. ಇಂಥ ಚೀಲ ಹಾಕಿಕೊಂಡವರದೇ ಒಂದು ಗುಂಪು ಫೋನಿನಲ್ಲಿದೆಯಂತೆ. ಅಲ್ಲಿನ ಒಬ್ಬಾಕೆ, ಅಗಲದ ಸೊಂಟಪಟ್ಟಿ ಕಟ್ಟಿಕೊಂಡು ನಿನ್ನ ಹಳೇ ಬಟ್ಟೆಗಳನ್ನೇ ಹಾಕಿಕೋ ಅಂದಳಂತೆ. ತಂಗಿ ಹಾಗೇ ಮಾಡಿ, ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡು, ಫೋನಿಗೆ "ಥ್ಯಾಂಕ್ಸ್ ಅಕ್ಕಾ!" ಅಂದಳು.

ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆಯ ವಿಷಯಕ್ಕೂ ಹೊರಗಿನವಳೇ ಬೇಕೆ? ಇದ್ದೊಬ್ಬ ತಂಗಿಯೂ ಕೈತಪ್ಪಿ ಹೋಗುತ್ತಿದ್ದಾಳೆ ಅನ್ನಿಸಿತು. ಹೊಟ್ಟೆಕಿಚ್ಚು ತಡೆಯಲಾಗದೆ ಮೆಷಿನ್ ನಿಲ್ಲಿಸಿ ಕೇಳಿಯೇಬಿಟ್ಟಳು.

"ಅವಳ ಮುಖಾನಾದ್ರೂ ನೋಡಿದ್ದೀಯೇನೇ?"

"ಇಲ್ಲ."

"ಮತ್ತೆ ಎಲ್ಲಾನೂ ಅವಳ ಹತ್ರಾನೇ ಹೇಳ್ಕೊಳ್ತೀಯಲ್ಲ! ನಾನೇನು ಸತ್ತು ಹೋಗಿದ್ದೀನಾ?"

ತಂಗಿ ಫೋನಿನಿಂದ ತಲೆಯೆತ್ತಿದಳು.

"ಬಸ್ಸಲ್ಲಿ ಚೀಲ ಸೋರಿಬಿಡ್ತು ಅಂತ ಅವಳಿಗೆ ಹೇಳ್ದೆ. 'ನಂದು ಮದುವೆ ಮನೇಲಿ ಸೋರಿತ್ತು ಕಣೆ, ಅದೂ ಫೋಟೋಗೆ ನಿಂತಾಗ' ಅಂತ ನಕ್ಕಳು. ನಂಗೂ ನಗು ಬಂತು. ನಿಂಗೆ ಹೇಳಿದ್ರೆ ನೀನು ಅಳ್ತೀಯಕ್ಕ. ಆಮೇಲೆ ನನ್ನ ಕಷ್ಟ ಪಕ್ಕಕ್ಕಿಟ್ಟು ನಿನ್ನೇ ಸಮಾಧಾನ ಮಾಡ್ತಾ ಕೂರಬೇಕು."

"ನಾನ್ಯಾಕೆ ಅಳ್ಲಿ?" ಅನ್ನುವಷ್ಟರಲ್ಲಿ ಟೈಲರಕ್ಕನ ಕಣ್ಣು ತುಂಬಿತು.

ತಂಗಿ ನಿಟ್ಟುಸಿರು ಬಿಟ್ಟು, ಫೋನನ್ನು ಕತ್ತರಿಯ ಪಕ್ಕದಲ್ಲಿಟ್ಟು, ಬಂದು ಅವಳನ್ನು ತಬ್ಬಿಕೊಂಡಳು. ಆಪರೇಷನ್ ಆದಮೇಲೆ ಅವಳು ಹೀಗೆ ಹತ್ತಿರ ಬಂದಿರಲೇ ಇಲ್ಲ. ಅಷ್ಟರಲ್ಲಿ ಮೇಜಿನ ಮೇಲೆ ಫೋನು ಗುರ್ ಅಂದಿತು. ಆ ಅಕ್ಕನೇ ಇರಬೇಕು. ತಂಗಿಯ ಕೈ ಸ್ವಲ್ಪ ಸಡಿಲವಾಯಿತು.

ಟೈಲರಕ್ಕ ಇನ್ನೂ ಜೋರಾಗಿ ಅಳತೊಡಗಿದಳು.