ಕತ್ತರಿ ಬಿದ್ದ ಕಂಬಳಿ

ಬೇಸಿಗೆ ರಜೆಯ ಕರಕುಶಲ ಶಿಬಿರ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಸೇಲಂನಲ್ಲಿ ನನ್ನ ಮಗಳು ಓದುವ ಶಾಲೆ ಮೇ ತಿಂಗಳು ಬಂತೆಂದರೆ ಅದನ್ನು ನಡೆಸುತ್ತದೆ. ಆ ವರ್ಷ ಅದಕ್ಕೆ 'ನಮ್ಮ ಊರು, ನಮ್ಮ ಕೈವಿನೈ' ಎಂದು ಹೆಸರಿಟ್ಟಿದ್ದರು. ಕೈವಿನೈ ಎಂದರೆ ತಮಿಳಿನಲ್ಲಿ ಕೈಕಸುಬು. ಮಕ್ಕಳು ಸ್ವಂತ ಊರಿನಿಂದ ಏನಾದರೂ ತಂದು ಅದರಲ್ಲೇ ಒಂದು ವಸ್ತು ಮಾಡಬೇಕು, ಕೊನೆಯ ದಿನ ಪ್ರದರ್ಶನ, ಅಜ್ಜ ಅಜ್ಜಿಯರನ್ನೂ ಕರೆತನ್ನಿ ಎಂದು ವಾಟ್ಸಾಪಿನಲ್ಲಿ ಬಂತು. ಓದಿ ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ತವರು ಕಂಬೈನಲ್ಲೂರಿನ ಪಕ್ಕದ ಹಳ್ಳಿ. ಕುರಿ ಸಾಕುವ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ಮಗಳು ಸೇಲಂನಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅವಳು ಕನ್ನಡ ಆಡುವುದು ಒಬ್ಬರ ಜೊತೆ ಮಾತ್ರ, ನನ್ನ ಅವ್ವನ ಜೊತೆ. ಅವ್ವ ಬಂದರೆ ಸಾಕು, ಮಡಿಲು ಹತ್ತಿ ಕೂತು ವಟವಟ ಶುರು. ಆ ಒಂದು ದಾರ ಹರಿಯದಿರಲಿ ಎಂಬುದೇ ನನ್ನ ಆಸೆಯಾಗಿತ್ತು.

ಉಣ್ಣೆಯಲ್ಲಿ ಕುರಿ ಮಾಡುತ್ತೇನೆಂದು ಮಗಳು ಅವ್ವನಿಗೆ ಫೋನ್ ಮಾಡಿದಳು. ಆದರೆ ಉಣ್ಣೆ ಎಲ್ಲಿ ಬರಬೇಕು? ನನ್ನ ಚಿಕ್ಕಂದಿನ ಕರಿ ಕುರಿಗಳನ್ನು ಮಾರಿ ಎಷ್ಟೋ ಕಾಲವಾಯಿತು. ಈಗ ದೊಡ್ಡಿಯಲ್ಲಿ ಇರುವುದೆಲ್ಲ ಮಾಂಸದ ಕುರಿ, ಮೈಮೇಲೆ ಗಿಡ್ಡ ಕೂದಲು ಬಿಟ್ಟರೆ ಇನ್ನೇನಿಲ್ಲ. ಮನೆಯಲ್ಲಿ ಉಳಿದಿದ್ದ ಉಣ್ಣೆ ಎಂದರೆ ಒಂದೇ, ಅವ್ವನ ಕರಿ ಕಂಬಳಿ. ಅವ್ವ ಮದುವೆಯಲ್ಲಿ ಕೂತದ್ದು ಅದರ ಮೇಲೆ, ನಾನು ಕೂತದ್ದು ಅದರ ಮೇಲೆ, ನನ್ನ ಮಗಳಿಗೆ ಹೆಸರಿಟ್ಟದ್ದೂ ಅದರ ಮೇಲೆ. ಕಂಬಳಿಗೆ ಕತ್ತರಿ ಹಾಕುವುದು ನಮ್ಮ ಮನೆಯಲ್ಲಿ ಇಲ್ಲ. ಹರಿದರೆ ಹೊಲಿಯುತ್ತಾರೆ, ಇಲಿ ಕಡಿದರೆ ಆ ಜಾಗವನ್ನು ಒಳಗೆ ಮಡಚುತ್ತಾರೆ, ಕತ್ತರಿ ಮಾತ್ರ ತಾಗಿಸುವುದಿಲ್ಲ.

ಮುಂದಿನ ವಾರ ಊರಿನಿಂದ ಬಂದ ಪರಿಚಯದವರೊಬ್ಬರು ಒಂದು ಪೊಟ್ಟಣ ಕೊಟ್ಟು ಹೋದರು. ಬಿಚ್ಚಿದರೆ ಕಂಬಳಿಯ ಒಂದು ಮೂಲೆ, ನೆಟ್ಟಗೆ ಕತ್ತರಿಸಿದ್ದು. ತಕ್ಷಣ ಫೋನ್ ಮಾಡಿ ರೇಗಿದೆ.

"ಯಾಕವ್ವಾ ಇಂಗೆ ಮಾಡ್ದೆ?"

"ಮಗ ಬಾಯಿಬುಟ್ಟು ಕೇಳ್ತಲ್ಲಲೇ. ನನ್ನತ್ರ ಇನ್ನೇನ್ ಐತೆ ಕೊಡೋಕೆ? ದ್ಯಾವ್ರಿಗೆ ಕೈ ಮುಗ್ದೇ ಕತ್ತರಿ ಆಕಿದ್ದು. ಓಗ್ಲಿ ಬುಡು."

ಮಗಳು ಆ ಮೂಲೆಯನ್ನು ಎಳೆ ಎಳೆಯಾಗಿ ಬಿಡಿಸಿದಳು. ಶಿಬಿರದಿಂದ ಬಂದ ಮೇಲೂ ಕೂತು ಬಿಡಿಸುತ್ತಿದ್ದಳು. ಒಣಹುಲ್ಲಿನ ಒಂದು ಕಟ್ಟಿಗೆ ಆ ಎಳೆಗಳನ್ನು ಸುತ್ತಿ, ಹುಣಸೆ ಕಡ್ಡಿಯ ಕಾಲು ಸಿಕ್ಕಿಸಿ ಕುರಿ ಮಾಡಿದಳು. ಒಂದು ಕಾಲು ಗಿಡ್ಡವಾಗಿ ಅದು ಪಕ್ಕಕ್ಕೆ ವಾಲುತ್ತಿತ್ತು. ಮೂಸಿದರೆ ನಮ್ಮ ದೊಡ್ಡಿಯ ವಾಸನೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಶಾಲೆಗೆ ಕೊಟ್ಟು ಬಂದಳು.

ಪ್ರದರ್ಶನದ ದಿನ ಬೆಳಿಗ್ಗೆ ನಾನೂ ಮಗಳೂ ಮೊದಲು ಹೋದೆವು. ತೊಪ್ಪೂರು ಇಳಿಜಾರಿನಲ್ಲಿ ಲಾರಿ ಕೆಟ್ಟು ಅವ್ವ ಬರುತ್ತಿದ್ದ ಬಸ್ಸು ನಿಂತಿತ್ತು. ಶಾಲೆಯ ಹಾಲ್ ತುಂಬ ಮೇಜು, ಮೇಜಿನ ತುಂಬ ಗೊಂಬೆ. ಮಗಳ ಹೆಸರಿನ ಚೀಟಿಯ ಹಿಂದೆ ಒಂದು ಕುರಿ ನಿಂತಿತ್ತು. ಬೆಳ್ಳಗೆ, ಹತ್ತಿಯದು, ಅಂಗಡಿಯ ಪ್ಲಾಸ್ಟಿಕ್ ಕಣ್ಣು, ಕೊರಳಿಗೆ ಗುಲಾಬಿ ರಿಬ್ಬನ್. ಮಗಳು ಅದನ್ನು ನೋಡಿ ನನ್ನ ಮುಖ ನೋಡಿದಳು.

ಶಿಬಿರದ ಟೀಚರಮ್ಮನನ್ನು ಹುಡುಕಿ ಕೇಳಿದೆ. ಆಕೆ ನಗುನಗುತ್ತಲೇ ಹೇಳಿದಳು, "ಅದು ರೊಂಬ ನಾತ್ತಂ ಮೇಡಂ. ಚೀಫ್ ಗೆಸ್ಟ್ ಬರ್ರಾಂಗ. ಪಕ್ಕದ ಮಕ್ಕಳೂ ಮೂಗು ಮುಚ್ಚಿಕೊಂಡರು. ಅದಕ್ಕೇ ನಾನೇ ಬೇರೆ ಮಾಡಿ ಇಟ್ಟೆ. ನೀಟಾ ಇರುಕ್ಕಲ್ಲ?" ನಮ್ಮದು ತುಂಬಾ ನಾತವಂತೆ, ಚೀಫ್ ಗೆಸ್ಟ್ ಬರುತ್ತಾರಂತೆ, ಇದಾದರೆ ನೀಟಾಗಿದೆಯಂತೆ.

"ಊರಿನದು ತನ್ನಿ ಅಂದವರು ನೀವು. ಊರು ನಾರದೇ ಸೆಂಟ್ ಹೊಡೆದುಕೊಂಡು ಬರುತ್ತದಾ? ನಮ್ಮ ಕುರಿ ವಾಪಸ್ ಕೊಡಿ" ಎಂದೆ.

ಕಸದ ಜೊತೆ ಹೋಯಿತಂತೆ. ನಿನ್ನೆಯೇ. ಆದರೂ ಗೇಟಿನ ಹಿಂದಿದ್ದ ಡಬ್ಬಿಯವರೆಗೆ ಹೋಗಿ ಕೈ ಹಾಕಿ ನೋಡಿದೆ. ಬಣ್ಣದ ಕಾಗದದ ಚೂರು, ಥರ್ಮೋಕೋಲು, ಅಷ್ಟೇ. ರೇಷ್ಮೆಸೀರೆ ಉಟ್ಟ ತಾಯಂದಿರು ನನ್ನನ್ನು ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಆದರೆ ಮಗಳು ಓಡಿ ಬಂದು ಸೆರಗು ಎಳೆದಳು. "ಅಮ್ಮಾ, ಸಂಡೆ ಪೋಡಾದೆ. ಎಲ್ಲಾರುಂ ಪಾಕ್ಕುರಾಂಗ." ಜಗಳ ಬೇಡ, ಎಲ್ಲರೂ ನೋಡುತ್ತಿದ್ದಾರೆ ಎಂದು ಅಂಗಲಾಚಿದಳು. ಅವಳ ಕಣ್ಣಲ್ಲಿ ಇದ್ದದ್ದು ಕುರಿ ಹೋದ ದುಃಖವಲ್ಲ, ನಾಚಿಕೆ. ಆ ಟೀಚರಮ್ಮ ಕುರಿಯೊಂದನ್ನೇ ಎಸೆದಿರಲಿಲ್ಲ. ನಾನು ಕೈ ಒರೆಸಿಕೊಂಡು ಅವಳ ಜೊತೆ ಒಳಗೆ ಬಂದೆ.

ಅಷ್ಟರಲ್ಲಿ ಅವ್ವ ಬಂದಳು. ಬಿಸಿಲಿಗೆ ಬಸವಳಿದಿದ್ದಳು, ಆದರೂ ಮುಖ ಅರಳಿತ್ತು. ಹೊಸ ಸೀರೆ, ಕೈಯಲ್ಲಿ ಕಡಲೆಕಾಯಿಯ ಚೀಲ. "ಎಲ್ಲಿ ಐತೆ ನಮ್ ಕುರಿ?" ಎಂದು ನೇರ ಮೊಮ್ಮಗಳನ್ನೇ ಕೇಳಿದಳು.

ಮಗಳು ಬಿಳಿ ಕುರಿಯ ಕಡೆ ಬೆರಳು ಮಾಡಿದಳು. ಅವ್ವ ಅದರ ಬೆನ್ನು ಸವರಿದಳು. ಇನ್ನೊಮ್ಮೆ ಸವರಿದಳು. ಬೆರಳಿಗೆ ಸುಳ್ಳು ಹೇಳಲಾಗುತ್ತದೆಯೇ?

"ನಾನ್ ಕಳ್ಸಿದ್ದು ಇದಲ್ವಲ್ಲ ಮಗಾ. ಅದೆಲ್ಲೋಯ್ತು?"

ಏನಾದರೂ ಹೇಳಿ ಮುಚ್ಚಿಹಾಕೋಣವೆಂದು ನಾನು ಬಾಯಿ ತೆರೆಯುವುದರೊಳಗೆ ಮಗಳು ಹೇಳಿಬಿಟ್ಟಳು. ಅವ್ವನ ಜೊತೆ ಎಂದೂ ಆಡದ ತಮಿಳಿನಲ್ಲಿ, ಪಕ್ಕದ ಮೇಜಿನ ಗೆಳತಿಗೂ ಕೇಳುವ ಹಾಗೆ. "ಅದು ನಾತ್ತಂ ಪಾಟ್ಟಿ. ಮಿಸ್ ತೂಕ್ಕಿ ಪೋಟ್ಟಾಂಗ." ಅದು ನಾರುತ್ತಿತ್ತು ಅಜ್ಜಿ, ಮಿಸ್ ಎಸೆದುಬಿಟ್ಟರು ಎಂದು.

ಅವ್ವನಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಅವಳು ಸಿಟ್ಟಾಗಲಿಲ್ಲ. ರಿಬ್ಬನ್ನಿನ ಗಂಟು ಸರಿಮಾಡಿ, "ಇದೂ ಚೆಂದಾಗೈತೆ ಬುಡು" ಎಂದಳು. ಸಮಾರಂಭ ಮುಗಿಯುವವರೆಗೂ ಕಡೇ ಸಾಲಿನಲ್ಲಿ, ಫ್ಯಾನಿನಿಂದ ದೂರ ಇದ್ದ ಕುರ್ಚಿಯಲ್ಲಿ ಕೂತಳು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ. ವೇದಿಕೆಯ ಮೇಲೆ ಚೀಫ್ ಗೆಸ್ಟು ಬೇರನ್ನು ಮರೆಯಬಾರದು ಎಂದು ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳಿಗೆ ಬಿಳಿ ಕುರಿಯ ಹೆಸರಿನಲ್ಲಿ ಸಮಾಧಾನಕರ ಬಹುಮಾನವೂ ಬಂತು. ಅದನ್ನು ಅಲ್ಲೇ ಬಿಸಾಕಿ ಬರಬೇಕು ಅನಿಸಿತ್ತು ನನಗೆ.

ಮನೆಗೆ ಟೌನ್ ಬಸ್ಸು ಹತ್ತಿದೆವು. ಅವ್ವನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಗಳು ಎಂದಿನ ಅಭ್ಯಾಸದಲ್ಲಿ ಅವಳ ಮಡಿಲು ಹತ್ತಲು ಹೋದಳು. ಅವ್ವ ಸರಿದು ಕಿಟಕಿಗೆ ಒತ್ತಿಕೊಂಡು, ಕಡಲೆಕಾಯಿಯ ಚೀಲವನ್ನು ಇಬ್ಬರ ನಡುವೆ ಇಟ್ಟಳು.

"ಬ್ಯಾಡ ಮಗಾ. ನನ್ ಮೈಯೂ ಅದೇ ನಾತ."

ಅದರಲ್ಲಿ ಕೊಂಕು ಇರಲಿಲ್ಲ. ಮಗುವಿಗೆ ತೊಂದರೆಯಾಗಬಾರದು ಎಂದೇ ಹೇಳಿದ್ದು. ಹಾಗಲ್ಲ ಅನ್ನು, ಮಡಿಲು ಹತ್ತಿ ಕೂತುಕೋ, ಎಂದು ನಾನು ಕಣ್ಣಿನಲ್ಲೇ ಮಗಳಿಗೆ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ. "ಸರಿ ಪಾಟ್ಟಿ" ಎಂದು ಚೀಲದ ಈಚೆ ಕೂತಳು.