ನಮ್ಮಕ್ಕನ ಸೀಟಿ ಮೇಲೆ ಕಟ್ಟಿದ ಹಾಡು

ಕಾಲೇಜಿನ ಗೆಳತಿಯರ ಗ್ರೂಪಿನಲ್ಲಿ ಮೊನ್ನೆ ಒಬ್ಬಳು ಕೇಳಿದಳು: ಎಷ್ಟು ಸಲ ನೋಡಿದರೂ ಬೇಸರ ಬಾರದ ವಿಡಿಯೋ ಹಾಡು ಯಾವುದು, ಎಲ್ಲರೂ ಹಾಕಿರಿ. ಹಾಕಿದರು. ಒಬ್ಬಳದು ಮಳೆಯಲ್ಲಿ ಕುಣಿಯುವ ಸಿನಿಮಾ ಹಾಡು, ಇನ್ನೊಬ್ಬಳದು ಮರಾಠಿ ಮದುವೆ ಹಾಡು. ಜೋಯಿಡಾ ಕಡೆಯವಳು ಅಂಗಳದಲ್ಲಿ ಕೂತು ಮುದುಕಿಯರು ಹೇಳುವ ಕೊಂಕಣಿ ಹಾಡು ಹಾಕಿದಳು. ನಾನು ಏನೂ ಹಾಕಲಿಲ್ಲ.

"ಯಾಕವಾ, ನಿನಗ ಬರೇ ಭಾಷಣ ಅಷ್ಟ ಸೇರತಾವೇನ? ಹಾಡ ಸೇರೂದಿಲ್ಲೇನ?" ಎಂದು ಒಬ್ಬಳು ಚುಚ್ಚಿದಳು.

ಪ್ರಶ್ನೆಯಲ್ಲೇ ತಪ್ಪಿದೆ. ಡಿಬೇಟಿನಲ್ಲಿ ನಮಗೆ ಮೊದಲು ಕಲಿಸಿದ್ದು ಇದನ್ನೇ: ವಿಷಯವನ್ನು ಒಪ್ಪುವ ಮೊದಲು ಅದರ ಹೊಟ್ಟೆಯಲ್ಲಿ ಅಡಗಿ ಕೂತ ಊಹೆಯನ್ನು ಹೊರಗೆಳೆ. ಮತ್ತೆ ಮತ್ತೆ ನೋಡುವುದೆಲ್ಲ ಮೆಚ್ಚಿಯೇ ನೋಡುವುದು ಎಂದು ಯಾರು ಹೇಳಿದರು? ನಾನು ಅತಿ ಹೆಚ್ಚು ಸಲ ನೋಡಿದ ವಿಡಿಯೋ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ವಿಡಿಯೋ. ವಕೀಲರು ಎದುರು ಪಾರ್ಟಿಯ ಕಾಗದ ಓದುವ ಹಾಗೆ, ಹಾಡಿದವನು ಎಲ್ಲಾದರೂ ಸಿಕ್ಕಿಬೀಳುತ್ತಾನೇನೋ ಎಂದು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಆದರೆ ಚಾನೆಲ್ಲಿನ ಲೆಕ್ಕದಲ್ಲಿ ನನ್ನ ಸಿಟ್ಟಿಗೂ ಇನ್ನೊಬ್ಬರ ಪ್ರೀತಿಗೂ ಬೇರೆ ಬೇರೆ ಖಾನೆ ಇಲ್ಲ. ಹಲ್ಲು ಕಡಿಯುತ್ತ ನೋಡಿದರೂ ಅವರಿಗೆ ಲಾಭವೇ.

ಆ ಹಾಡು ನಮ್ಮಕ್ಕನ ಮೇಲೆ ಕಟ್ಟಿದ್ದು.

ಅಕ್ಕ ಸರ್ಕಾರಿ ಬಸ್ಸಿನ ಕಂಡಕ್ಟರ್. ಅಪ್ಪ ಧಾರವಾಡ ಕಡೆಯ ಹಳ್ಳಿಯಿಂದ ಮಿಲ್ಲಿನ ಕೆಲಸಕ್ಕೆ ದಾಂಡೇಲಿಗೆ ಬಂದವನು. ಇಬ್ಬರು ಹೆಣ್ಣುಮಕ್ಕಳಲ್ಲಿ ಬಾಯಿ ನನಗೆ, ಕೈ ಅವಳಿಗೆ ಎಂದು ಮನೆಯಲ್ಲಿ ಹಂಚಿಕೆ ಆಗಿಹೋಗಿದೆ. ದಾಂಡೇಲಿ ಹಳಿಯಾಳದ ನಡುವೆ ದಿನವಿಡೀ ಅವಳ ಬಸ್ಸು. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದಮೇಲೆ ಈ ದಾರಿಯಲ್ಲಿ ಒಂದು ಹೊಸ ಚಾಳಿ ಶುರುವಾಗಿತ್ತು. ಕ್ರಾಸಿನಲ್ಲಿ ಬರೀ ಹೆಂಗಸರೇ ನಿಂತಿದ್ದರೆ ಕೆಲವು ಡ್ರೈವರುಗಳಿಗೆ ಅವರು ಕಾಣುತ್ತಲೇ ಇರಲಿಲ್ಲ. ಓಡಿ ಬರುವವರ ಪಾಡಂತೂ ಕೇಳಬೇಡಿ. ಅಕ್ಕನ ಬಸ್ಸು ಮಾತ್ರ ನಿಲ್ಲುತ್ತಿತ್ತು. ಹಿಂದೆ ಯಾರಾದರೂ ಸೆರಗು ಸಿಕ್ಕಿಸಿಕೊಂಡು ಓಡಿ ಬರುವುದು ಕಂಡರೆ ಬಾಯಲ್ಲಿದ್ದ ಸೀಟಿ ಊದುತ್ತಿದ್ದಳು. ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೋಗು. ಕಂಡಕ್ಟರ್ ಒಂದು ಊದಿದಮೇಲೆ ಡ್ರೈವರ್ ಗೊಣಗಬಹುದೇ ಹೊರತು ನಿಲ್ಲಿಸದೆ ಇರುವಂತಿಲ್ಲ.

ಅವಳ ಡ್ರೈವರ್ ಬೆಳಗಾವಿ ಕಡೆಯ ಹಿರಿಯರು, ಗೊಣಗುವುದರಲ್ಲೂ ನಗೆ ಇಟ್ಟುಕೊಂಡವರು. "ತಂಗೀ, ನೀ ಹಿಂಗ ನಿಲ್ಲಿಸ್ಕೋತ ಹೋದ್ರ ಹಳಿಯಾಳ ಮುಟ್ಟೂದರಾಗ ನಂದು ರಿಟೈರಮೆಂಟ್ ಆಗತೈತಿ ನೋಡು" ಎನ್ನುತ್ತಿದ್ದರು. ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರು ಮೊದಲು ಬಂದ ಬಸ್ಸಿಗೆ ಕೈಯನ್ನೂ ಮಾಡದೆ, "ತಡೀರಿ, ಆ ಅಕ್ಕನ ಗಾಡಿಗೆ ಹೋಗೂಣು" ಎಂದು ಕಾಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅಕ್ಕನಿಗೆ ಇದು ಗೊತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಬಸ್ಸಿನ ಸುದ್ದಿ ಬಂದರೆ ಅವಳ ಮುಖ ನೋಡಬೇಕಿತ್ತು.

ಕಳೆದ ಮದುವೆ ಹಂಗಾಮಿನಲ್ಲಿ ಮುಂಡಗೋಡದ ಹತ್ತಿರ ಪಾಳಾದಲ್ಲಿ ದೊಡ್ಡವ್ವನ ಸಣ್ಣ ಮಗಳ ಮದುವೆ. ಅಕ್ಕನಿಗೆ ರಜೆ ಸಿಗಲಿಲ್ಲ, ನಾನು ಹೋಗಿದ್ದೆ. ಟ್ರ್ಯಾಕ್ಟರ್ ಮೇಲೆ ಸೌಂಡ್ ಬಾಕ್ಸ್ ಪೇರಿಸಿ, ಎದೆ ನಡುಗುವ ಹಾಗೆ ಜಾನಪದ ಹಾಡು ಹಚ್ಚಿದ್ದರು. ಒಂದು ಹಾಡು ಮೂರು ಸಲ ಬಂತು. ಧಾಟಿ ಚೆನ್ನಾಗಿತ್ತು, ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ. ಡೊಳ್ಳಿನ ಪೆಟ್ಟಿನ ನಡುವೆ ಒಂದು ಸೀಟಿ ಬರುತ್ತಿತ್ತು, ಅದು ಬಂದಾಗ ಕುಣಿಯುವವರೆಲ್ಲ ಗಕ್ಕನೆ ನಿಲ್ಲುತ್ತಿದ್ದರು, ಮತ್ತೆ ಎರಡು ಸೀಟಿಗೆ ಕುಣಿತ. ನಾನೂ ಕುಣಿದೆ. ದೊಡ್ಡವ್ವನ ಹಿರಿಯ ಅಳಿಯ ಬೆವರು ಒರೆಸುತ್ತ ಬಂದು, "ನಿಮ್ಮಕ್ಕನ ಹಾಡಿಗೆ ನೀನ ಕುಣೀಲಿಲ್ಲಂದ್ರ ಮತ್ಯಾರು ಕುಣೀಬೇಕು ಬಿಡವಾ!" ಎಂದರು.

"ನಮ್ಮಕ್ಕನ ಹಾಡ? ಯಾವ ಹಾಡ ಮಾಮಾ?"

ಅವರು ಫೋನು ತೆಗೆದು ತೋರಿಸಿದರು.

ವಿಡಿಯೋದಲ್ಲಿ ಒಂದು ಹಳೆಯ ಖಾಸಗಿ ಬಸ್ಸಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಬಿಳಿ ಅಂಗಿ ತೊಟ್ಟ ಹುಡುಗ ಅದರ ಹಿಂದೆ ನಿಧಾನ ಚಲನೆಯಲ್ಲಿ ಓಡುತ್ತಾನೆ. ಬಿಗಿ ಖಾಕಿ ಅಂಗಿ, ತಂಪು ಕನ್ನಡಕದ ಹುಡುಗಿಯೊಬ್ಬಳು ಬಾಗಿಲಿಗೆ ಜೋತುಬಿದ್ದು ಸೀಟಿ ಊದುತ್ತಾಳೆ. ಆಮೇಲೆ ಬಸ್ಸಿಗೂ ಕಥೆಗೂ ಸಂಬಂಧವಿಲ್ಲದೆ ಇಬ್ಬರೂ ಕಾಳಿ ನದಿಯ ಬಂಡೆಗಳ ಮೇಲೆ ಕುಣಿಯುತ್ತಾರೆ. ನಮ್ಮ ಕಡೆಯ ಪ್ರತಿ ವಿಡಿಯೋದಲ್ಲೂ ಆ ಬಂಡೆಗಳು ಇವೆ, ಪಾಪ, ಅವಕ್ಕೂ ಸಾಕಾಗಿರಬೇಕು. ಪಲ್ಲವಿ ಹೀಗೆ:

ಓಡಿ ಬಂದವಗ ಬಸ್ಸ ನಿಲ್ಲಿಸಿದಾಕಿ
ಬೇಡಿ ನಿಂತಾಗ ಮಾರಿ ತಿರುವಿದಾಕಿ
ಹಳಿಯಾಳ ದಾರ್ಯಾಗ ಸೀಟಿ ಊದಿ
ನನ್ನ ಬಾಳೇವ ಕೆಡಿಸಿದಾಕಿ

ಅಕ್ಕನ ಹೆಸರು ಎಲ್ಲೂ ಇಲ್ಲ. ಕೊನೆಯ ನುಡಿಯಲ್ಲಿ, ಪದ್ಧತಿಯಂತೆ, ಹಾಡು ಕಟ್ಟಿದವನ ಹೆಸರು, ಊರು, ಅವನ ಗುರುವಿನ ಹೆಸರು ಎಲ್ಲ ಇವೆ. ಆದರೆ ಹಳಿಯಾಳ ದಾರಿಯಲ್ಲಿ ಸೀಟಿ ಊದುವ ಹೆಣ್ಣುಮಗಳು ಆಗ ಒಬ್ಬಳೇ ಇದ್ದಳು.

ಮನೆಗೆ ಬಂದು ಅಕ್ಕನನ್ನು ಕೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು.

"ಕಂಡೇನಿ ಅವನ್ನ. ಬಸ್ಸಿನ ಹೊತ್ತು ಗೊತ್ತಿದ್ರೂ ತಡಾ ಮಾಡಿ ಓಡಿ ಬರಾಂವ."

"ಮತ್ತ ಏನರೆ ಅಂದಿದ್ನೇನ?"

"ಒಂದ ದಿನ ಇಳೀಮುಂದ, ‘ದಿನಾ ನನ್ನ ಸಂಬಂಧ ನಿಲ್ಲಸ್ತೀರೆಲ್ರಿ, ಒಂದ ಮಾತ ಹೇಳ್ಲೇನ್ರಿ’ ಅಂದ. ‘ಲಗೂನ ಇಳೀರಿ, ಹಿಂದ ಮಂದಿ ಅದಾರ’ ಅಂದೆ."

ಪ್ರೇಮಕಥೆ ಇಷ್ಟೇ. ಬಾಳೇವು ಕೆಟ್ಟದ್ದು ಇಷ್ಟಕ್ಕೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅದೇ ಧಾಟಿಯನ್ನು ವಾರದಿಂದ ಅರ್ಥ ಗೊತ್ತಿಲ್ಲದೆ ಗುನುಗುತ್ತಿದ್ದವಳು ಈಗ ಕೈ ನಿಲ್ಲಿಸಿ, "ನೀ ಯಾಕರೆ ನಿಲ್ಲಿಸಿದಿ ಅವಗ?" ಎಂದಳು.

"ಬಸ್ಸ ಇರೂದ ನಿಲ್ಲಸಾಕ ಅವ್ವಾ" ಎಂದಳು ಅಕ್ಕ.

ಕಾಡಿನ ದಾರಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಹುಡುಗರು ಹಾಡನ್ನು ಇಳಿಸಿಟ್ಟುಕೊಂಡು ಬರುತ್ತಿದ್ದರು. ಹಿಂದಿನ ಸೀಟು ಅವರದು. ಟಿಕೆಟ್ ಮಷಿನ್ ಹಿಡಿದು ಅಕ್ಕ ಅಲ್ಲಿಗೆ ಬಂದರೆ ಪಲ್ಲವಿ ಶುರು. ಅವಳು ಸೀಟಿ ಊದಿ ಬಸ್ಸು ನಿಲ್ಲಿಸಿದರೆ ಎಲ್ಲರೂ ಕೂಡಿ "ಹೋ" ಎಂದು ಕೂಗು. ಓಡಿ ಬಂದು ಹತ್ತಿದವಳು ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡ ಅಜ್ಜಿಯಾದರೂ ಕೂಗು ತಪ್ಪುತ್ತಿರಲಿಲ್ಲ. ಒಂದು ದಿನ ಅಂಥ ಅಜ್ಜಿಯೊಬ್ಬಳು ತನಗೇ ಕೂಗಿದರೆಂದು ಗಾಬರಿಯಾಗಿ ಸೆರಗು ಸರಿಮಾಡಿಕೊಂಡದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಅವತ್ತು ನಾನೂ ಬಸ್ಸಿನಲ್ಲಿದ್ದೆ. ಎದ್ದು ಹಿಂದಕ್ಕೆ ಹೋದೆ.

"ಯಾರ ಸಂಬಂಧ ಕೂಗಿದ್ರಿ?"

"ಯಾರ ಸಂಬಂಧನೂ ಇಲ್ರಿ ಅಕ್ಕಾರ. ಹಾಡ ಛಲೋ ಐತಿ, ಕೂಗಿದ್ವಿ."

"ಹಾಡಿನಾಗಿನ ಹುಡುಗಿ ಏನ ತಪ್ಪ ಮಾಡ್ಯಾಳ ಹೇಳ್ರಿ. ಪ್ರೀತಿ ಮಾಡ್ತೇನಿ ಅಂತ ಯಾವ ನುಡಿಯಾಗರೆ ಅಂದಾಳೇನ? ಅನ್ನದಿದ್ರ ಮೋಸ ಎಲ್ಲಿಂದ ಬಂತು?"

ಒಬ್ಬ, "ಅಕ್ಕಾರ, ನಾವು ಹಾಡಿನ ಅರ್ಥ ಹಿಡಕೊಂಡ ಕುಂದ್ರೂದಿಲ್ರಿ" ಎಂದ. ಬಸ್ಸಿನಲ್ಲಿದ್ದ ಹೆಂಗಸರು ನಕ್ಕರು. ವಾದ ನನ್ನ ಪರ ಮುಗಿಯಿತು ಎಂದುಕೊಂಡೆ. ಮರುದಿನ ಅದೇ ಸೀಟು, ಅದೇ ಹುಡುಗರು, ಅದೇ ಕೂಗು. ಸೋತವನು ಸೋತೆನೆಂದು ಒಪ್ಪಬೇಕಾದ ನಿಯಮ ಇರುವುದು ಡಿಬೇಟಿನ ಹಾಲಿನಲ್ಲಿ ಮಾತ್ರ.

ವಿಡಿಯೋದ ಕೆಳಗೆ ಉದ್ದದೊಂದು ಕಾಮೆಂಟ್ ಬರೆದೆ. ಕಂಡಕ್ಟರ್ ಬಸ್ಸು ನಿಲ್ಲಿಸುವುದು ಕರ್ತವ್ಯ, ಒಲವಲ್ಲ, ಇತ್ಯಾದಿ, ಒಂದೊಂದಾಗಿ ತರ್ಕ ಜೋಡಿಸಿ. ಚಾನೆಲ್ಲಿನವರು ಅದಕ್ಕೆ ಕೆಂಪು ಹೃದಯ ಒತ್ತಿ, ಎಲ್ಲಕ್ಕಿಂತ ಮೇಲೆ ಕಾಣುವಂತೆ ಸಿಕ್ಕಿಸಿ, ‘ನಿಮ್ಮ ಸಪೋರ್ಟಿಗೆ ಧನ್ಯವಾದಗಳು ಮೇಡಂ’ ಎಂದು ಬರೆದರು. ಅದರ ಕೆಳಗೆ ಜಗಳ ಆಡಲು ಜನ ಸೇರಿದರು. ಹಾಡು ಇನ್ನಷ್ಟು ಓಡಿತು.

ಆಮೇಲೆ ಆ ಹಾಡು ರೆಕಾರ್ಡ್ ಆದ ಜಾಗ ಹುಡುಕಿಕೊಂಡು ಹಳಿಯಾಳಕ್ಕೆ ಹೋದೆ. ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ರೆಕಾರ್ಡಿಂಗ್ ಸ್ಟುಡಿಯೋ. ಹಾಡು ಕಟ್ಟಿ ಹಾಡಿದವನೂ ಅಲ್ಲೇ ಇದ್ದ. ನಾನು ಒಬ್ಬ ರಾಕ್ಷಸನನ್ನು ಎದುರಿಸಲು ತಯಾರಾಗಿ ಹೋಗಿದ್ದೆ. ಅವನು ಕುರ್ಚಿ ಕೊಟ್ಟು ತಾನು ನಿಂತ.

"ಅಕ್ಕಾರದು ಹೆಸರ ಎಲ್ಲಿ ಹಾಕೇನಿ ತೋರಸರಿ. ನನ್ನ ದುಃಖ ನಾ ಹಾಡೇನ್ರಿ."

"ನಿನ್ನ ದುಃಖದಾಗ ನಮ್ಮಕ್ಕ ಎಲ್ಲಿಂದ ಬಂದ್ಲು? ಆಕಿ ನಿನ್ನ ಹೆಸರೂ ಕೇಳಿಲ್ಲ."

"ಅದ ದುಃಖ ಅಲ್ಲೇನ್ರಿ" ಎಂದ. ನಿಜಕ್ಕೂ ಅವನ ಕಣ್ಣಲ್ಲಿ ನೀರು ಬಂತು. ಅಳುವವನ ಮುಂದೆ ಹೇಗೆ ವಾದಿಸಬೇಕೆಂದು ನಮಗೆ ಯಾರೂ ಕಲಿಸಿಲ್ಲ.

ಸ್ಟುಡಿಯೋ ಮಾಲೀಕ ಚಹಾ ತರಿಸಿದ. "ಜಗಳ ಯಾಕ ಬಾಯಾರ? ನಮ್ಮ ಹಿರ್ಯಾರು ಗೀಗೀ ಪದದಾಗ ಗಂಡ ಹೆಚ್ಚೋ ಹೆಣ್ಣ ಹೆಚ್ಚೋ ಅಂತ ಬೆಳತನಕ ಸವಾಲ ಜವಾಬ ಮಾಡ್ತಿದ್ದಿಲ್ಲೇನ? ಇಂವ ಸವಾಲ ಹಾಕ್ಯಾನ. ನೀವು ಜವಾಬ ಬರೀರಿ. ನಾ ರೆಕಾರ್ಡ ಮಾಡ್ತೇನಿ, ಪುಕ್ಕಟೆ."

ನನಗೆ ಇದಕ್ಕಿಂತ ಒಳ್ಳೆಯ ವೇದಿಕೆ ಯಾರು ಕೊಡುತ್ತಾರೆ? ಅಕ್ಕನಿಗೆ ಹೇಳಿದೆ. ಅವಳು ಸಮವಸ್ತ್ರಕ್ಕೆ ಇಸ್ತ್ರಿ ಮಾಡುತ್ತ, "ಅದರಿಂದ ಕೂಗೂದು ನಿಂದರತೈತೇನ?" ಎಂದು ಕೇಳಿದಳು. ನಿಲ್ಲುತ್ತದೆ ಎಂದೆ. "ಹಂಗಾರ ಬರಿ" ಎಂದಳು.

ಬರೆದೆ. ನಿಂತದ್ದು ಬಸ್ಸು, ನಾನಲ್ಲೋ ಎಂದು ಪಲ್ಲವಿ. ಒಂದೊಂದು ನುಡಿಯಲ್ಲೂ ಅವನ ಒಂದೊಂದು ಮಾತಿಗೆ ಉತ್ತರ. ಧಾರವಾಡ ಕಡೆಯ ಒಬ್ಬ ಗಾಯಕಿ ಹಾಡಿದಳು, ಗಂಟಲು ಕಂಚಿನಂತೆ. ವಿಡಿಯೋ ಬಿಡುಗಡೆಯಾದ ದಿನ ಮನೆಯಲ್ಲಿ ನಾಲ್ವರೂ ಒಂದು ಫೋನಿಗೆ ತಲೆ ಹಚ್ಚಿ ಕೂತೆವು. ಅಪ್ಪ ನಾಲ್ಕನೇ ನುಡಿಗೆ ತೊಡೆ ತಟ್ಟಿದ. ಐದನೆಯ ನುಡಿ ನಾನು ಬರೆದದ್ದಲ್ಲ. ಅದರಲ್ಲಿ ಅದೇ ಖಾಕಿ ಹುಡುಗಿ ಕಣ್ಣೀರು ಒರೆಸಿಕೊಂಡು ಸೀಟಿ ಊದುತ್ತಾಳೆ, ಬಸ್ಸು ನಿಲ್ಲುತ್ತದೆ, ಬಿಳಿ ಅಂಗಿಯವನು ಹತ್ತುತ್ತಾನೆ, ಇಬ್ಬರೂ ಕೂಡಿ ಹಾಡುತ್ತಾರೆ.

ಮಾಲೀಕನಿಗೆ ಫೋನು ಮಾಡಿ ಕಿರುಚಿದೆ. ಅವನು ಶಾಂತವಾಗಿಯೇ ಇದ್ದ. "ನೀವ ಬರದದ್ದು ಒಂದ ಅಕ್ಷರ ತಗದಿಲ್ರಿ ಬಾಯಾರ. ಒಂದ ನುಡಿ ಹೆಚ್ಚಿಗಿ ಕೂಡಸೇವಿ ಅಷ್ಟ. ಸವಾಲ ಜವಾಬ ಮುಗದ ಮ್ಯಾಲೆ ಎರಡೂ ಕಡೆಯವರು ಕೂಡಿ ಮಂಗಳ ಹಾಡೂದು ಪದ್ಧತಿ ಅಲ್ಲೇನ್ರಿ? ಕೂಡದಿದ್ರ ಮಂದಿ ನೋಡೂದಿಲ್ಲ."

ಪದ್ಧತಿ ಹೌದು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಗೀಗೀ ಪದದ ಇಬ್ಬರೂ ಮಂಗಳ ಹಾಡಿ ತಮ್ಮ ತಮ್ಮ ಊರಿಗೆ ಹೋಗುತ್ತಿದ್ದರು. ಅಕ್ಕ ಮರುದಿನ ಬೆಳಗ್ಗೆ ಅದೇ ಬಸ್ಸು ಹತ್ತಬೇಕಿತ್ತು.

ಬಸ್ಸಿನಲ್ಲಿ ಈಗ ಹುಡುಗರಷ್ಟೇ ಅಲ್ಲ, ಅವಳಿಗಾಗಿ ಕಾಯುತ್ತಿದ್ದ ಹೆಂಗಸರೂ ಮಾತಾಡತೊಡಗಿದರು. ಅವರಿಗೆ ಆ ಹಾಡು ಬಹಳ ಸೇರಿತ್ತು. ಅದು ಅಕ್ಕನದೇ ದನಿ ಎಂದು ನಂಬಿದ್ದರು.

"ಭಾಳ ಛಲೋ ಜವಾಬ ಕೊಟ್ಟಿ ಬಿಡವಾ! ಗಂಡಸರಿಗೆ ಹಂಗ ಬೇಕು."

"ಬೈದ್ರೂ ಕೊನೀಗೆ ಹತ್ತಿಸಿಕೊಂಡಳಲ್ಲ, ಹೆಣ್ಣಿನ ಕರಳು ನೋಡು."

"ಮತ್ತ ಮದವಿ ಯಾವಾಗ ತಂಗೀ? ಊಟಕ್ಕರೆ ಕರಿ."

ಅಕ್ಕ ಟಿಕೆಟ್ ಹರಿದು ಕೊಡುತ್ತ ಮುಂದೆ ಹೋಗುತ್ತಿದ್ದಳು. ಹಿಂದಿನ ಸೀಟಿನ ಹುಡುಗರಿಗಾದರೆ ಬೈಯಬಹುದಿತ್ತು. ಇವರನ್ನು ಏನೆಂದು ಬೈಯುವುದು? ಇವರು ಹರಸುತ್ತಿದ್ದರು. ಅವಳು ಸೀಟಿ ಊದಿದರೆ ಈಗ ಹಿಂದಿನಿಂದ ಕೂಗು, ಮುಂದಿನಿಂದ ಮುಸಿಮುಸಿ ನಗು. ಅವ್ವನಿಗೆ ನೆರೆಯವರ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿತ್ತು. ಅಪ್ಪ ಮಿಲ್ಲಿನಿಂದ ಬಂದವನು ಮಾತಾಡುತ್ತಿರಲಿಲ್ಲ. ನಾನು ಮಾತ್ರ ಮಾತಾಡುತ್ತಲೇ ಇದ್ದೆ. ದೂರು ಕೊಡೋಣ ಎಂದೆ, ಇನ್ನೊಂದು ಹಾಡು ಬರೆಯುತ್ತೇನೆ ಎಂದೆ.

"ನಿನ್ನ ಜವಾಬ ಸಾಕವಾ" ಎಂದಳು ಅಕ್ಕ. ಸಿಟ್ಟಿನಿಂದಲ್ಲ. ದಣಿದವರು ಲೈಟು ಆರಿಸು ಎನ್ನುವ ಹಾಗೆ.

ಕಳೆದ ವಾರ ಬೆಳಗಿನ ಟ್ರಿಪ್ಪಿಗೆ ಅವಳ ಬಸ್ಸಿನಲ್ಲಿ ಹಳಿಯಾಳಕ್ಕೆ ಹೊರಟಿದ್ದೆ. ಒಂದು ಕ್ರಾಸು ದಾಟಿದ ಮೇಲೆ ಮೂವರು ಹೆಂಗಸರು ಗದ್ದೆಯ ಬದುವಿನಿಂದ ರಸ್ತೆಗೆ ಹಾರಿ, ಕೈ ಎತ್ತಿ ಓಡಿ ಬರುತ್ತಿದ್ದರು. ಒಬ್ಬಳ ಕೈಯಲ್ಲಿ ಬುತ್ತಿಯ ಗಂಟು. ಕಿಟಕಿಯಿಂದ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕನಿಗೂ ಕಂಡಿತು. ಸೀಟಿ ಬಾಯಿಯ ಹತ್ತಿರವೇ ಇತ್ತು.

ಡ್ರೈವರ್ ಕನ್ನಡಿಯಲ್ಲಿ ನೋಡಿ, ತಾವಾಗಿಯೇ ವೇಗ ತಗ್ಗಿಸಿದರು. "ತಂಗೀ, ನಿಲ್ಲಸ್ಲೇನ?"

ಅಕ್ಕ ಬಾಗಿಲಿನಿಂದ ಒಳಗೆ ಸರಿದು ಟಿಕೆಟ್ ಮಷಿನ್ ನೋಡತೊಡಗಿದಳು.

"ಹೋಗ್ರಿ."

"ಓಡಿ ಬರಾಕತ್ಯಾರ ಅಲ್ಲ."

"ಹೋಗ್ರಿ ಕಾಕಾ" ಎಂದು ಎರಡು ಸೀಟಿ ಊದಿದಳು.

ಬಸ್ಸು ಮುಂದೆ ಹೋಯಿತು. ಹಿಂದಿನ ಗಾಜಿನಲ್ಲಿ ಆ ಮೂವರೂ ಸ್ವಲ್ಪ ದೂರ ಓಡಿದರು, ಆಮೇಲೆ ನಡೆದರು, ಆಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತರು. ಹಿಂದಿನ ಸೀಟಿನ ಹುಡುಗರು ಫೋನು ಹಿಡಿದು ತಯಾರಾಗಿ ಕೂತಿದ್ದರು. ಕೂಗಲು ಏನೂ ಸಿಗದೆ, ಅವತ್ತು ಹಳಿಯಾಳದವರೆಗೂ ಸುಮ್ಮನಿದ್ದರು.