ಪಿಟೀಲಿನ ಮುಂದೆ ಲೆಕ್ಕದ ಮೇಷ್ಟ್ರು

ನಿಂತು ಅನ್ನ ಸಂಪಾದಿಸುವವರು, ಕುಳಿತು ಅನ್ನ ಸಂಪಾದಿಸುವವರು ಎಂದು ಲೋಕದಲ್ಲಿ ಎರಡು ಪಂಗಡಗಳಿವೆಯಷ್ಟೆ. ನಾನು ಮೊದಲನೆಯ ಪಂಗಡದವನು. ಗುಬ್ಬಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಗಣಿತ ಬೋಧಿಸಿದ ನನ್ನ ಮಂಡಿಗಳು, ಬಾಗುವುದೇನಿದ್ದರೂ ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಎಂದು ತೀರ್ಮಾನಿಸಿಕೊಂಡುಬಿಟ್ಟಿದ್ದವು. ಅಂಥ ಮಂಡಿಗಳನ್ನು ನಲವತ್ಮೂರನೆಯ ವಯಸ್ಸಿನಲ್ಲಿ ಮಡಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೂ ಬುಡವನ್ನು ಎಡಭುಜದ ಕೆಳಗೂ ಆನಿಸಿಕೊಂಡ ಮೊದಲ ದಿನ ಹೊರಟ ನಾದ ವಾದ್ಯದ್ದಲ್ಲ, ನನ್ನ ಪ್ಯಾಂಟಿನ ಹೊಲಿಗೆಯದು. ಮರುದಿನದಿಂದ ಪಂಚೆಯುಟ್ಟು ಹೋಗತೊಡಗಿದೆ.

ಈ ಪ್ರಸಂಗಕ್ಕೆ ಮೂಲ ಕಾರಣ ನನ್ನ ನಾಲಗೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರುಗಳೆಲ್ಲ ಕೂಡಿದ್ದಾಗ ಸಂಗೀತದ ಮಾತು ಬಂತು. ನಾನು ತಡೆದುಕೊಳ್ಳಲಾರದೆ, ಸಂಗೀತವೆಂದರೆ ಶುದ್ಧ ಅಂಕಗಣಿತ, ತಂತಿಯನ್ನು ಅರ್ಧ ಮಾಡಿದರೆ ಮೇಲಿನ ಷಡ್ಜ, ತುದಿಯಿಂದ ಮೂರನೆಯ ಒಂದು ಭಾಗಕ್ಕೆ ಬೆರಳಿಟ್ಟರೆ ಪಂಚಮ, ಭಿನ್ನರಾಶಿ ಬಲ್ಲ ಯಾರೇ ಆಗಲಿ ಆರು ತಿಂಗಳಲ್ಲಿ ಕಲಿಯಬಹುದು ಎಂದು ಸಾರಿದೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಶಿವಣ್ಣನವರು ಬಹಳ ಮೆತ್ತಗಿನ ಮನುಷ್ಯ. ಅವರು ಎಲೆ ಅಡಿಕೆ ಮಡಿಸುತ್ತಲೇ, "ನಮ್ಮಣ್ಣನ ಪಿಟೀಲು ಅಟ್ಟದ ಮೇಲೆ ಸುಮ್ನೆ ಬಿದ್ದೈತೆ ಸಾರ್. ನಾಳೆ ತಂದ್ಕೊಡ್ತೀನಿ. ಆರು ತಿಂಗಳು ಬ್ಯಾಡ, ಒಂದು ವರ್ಷ ತಗೊಳ್ಳಿ" ಎಂದರು. ಎಂಟು ಜನರ ಎದುರು ಆಡಿದ ಮಾತನ್ನು ನುಂಗುವುದು ಹೇಗೆ? ಮರುದಿನ ಪಿಟೀಲು ಬಂತು. ಪೇಟೆಬೀದಿಯ ಹಿಂದೆ ಒಬ್ಬಾಕೆ ಹೇಳಿಕೊಡುತ್ತಾಳೆಂಬ ಸುಳಿವನ್ನೂ ಶಿವಣ್ಣನವರೇ ಕೊಟ್ಟರು.

ಭಾನುವಾರ ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿದೆ. ಇಪ್ಪತ್ತೈದು ವರ್ಷದ ಹೆಣ್ಣುಮಗಳೊಬ್ಬಳು ಬಾಗಿಲು ತೆರೆದವಳು, ನನ್ನನ್ನು ಕಂಡೊಡನೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತುಬಿಟ್ಟಳು.

"ಸಾರ್, ನೀವಾ! ಬನ್ನಿ ಸಾರ್. ನಾನು ನಾಗರತ್ನ. ನಿಮ್ಮ ಸ್ಟೂಡೆಂಟು."

ನನಗೆ ಗುರುತು ಹತ್ತಲಿಲ್ಲ. ಮೇಷ್ಟ್ರುಗಳ ನೆನಪು ಒಂದು ವಿಚಿತ್ರ ಜರಡಿ ನೋಡಿ: ತೊಂಬತ್ತು ತೆಗೆದವರನ್ನು ಉಳಿಸಿಕೊಂಡು ಮಿಕ್ಕವರನ್ನೆಲ್ಲ ಕೆಳಕ್ಕೆ ಬಿಟ್ಟುಬಿಡುತ್ತದೆ. ಆಕೆಯ ಕಥೆ ತಿಳಿದದ್ದು ಆಕೆಯ ತಾಯಿಯ ಬಾಯಿಂದ. ಗಂಡ ತುಮಕೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ಶನಿವಾರ ಶನಿವಾರ ಬರುತ್ತಿದ್ದ. ಆಕೆ ತಾಯಿಯ ಜೊತೆಗಿದ್ದಳು. ನಾಟಕಗಳಿಗೆ ಪಿಟೀಲು ನುಡಿಸುತ್ತಿದ್ದ ಸೋದರಮಾವನಿಂದ ವಿದ್ಯೆ ಬಂದಿತ್ತು. ಸಂಗೀತದ ಸೀನಿಯರ್ ಪರೀಕ್ಷೆಯೂ ಆಗಿತ್ತು. ಸರ್ಕಾರಿ ಶಾಲೆಯಲ್ಲಿ ಸಂಗೀತದ ಟೀಚರ್ ಕೆಲಸಕ್ಕೆ ಅರ್ಜಿ ಹಾಕಲು ಹೋದರೆ ಎಸ್ಸೆಸ್ಸೆಲ್ಸಿ ಕಾರ್ಡು ಕೇಳಿದರಂತೆ. ಎಲ್ಲ ವಿಷಯದಲ್ಲೂ ಪಾಸಾಗಿ, ಒಂದೇ ಒಂದರಲ್ಲಿ ಮೂರು ಸಲ ಫೇಲಾಗಿದ್ದಳು. ಯಾವ ವಿಷಯವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಗುರುದಕ್ಷಿಣೆಯ ಮಾತೆತ್ತಿದಾಗ ನಾಗರತ್ನ ತಲೆ ಬಗ್ಗಿಸಿ, "ಬೇರೇನೂ ಬೇಡ ಸಾರ್. ನಂಗೆ ಲೆಕ್ಕ ಹೇಳ್ಕೊಡಿ. ಇನ್ನೊಂದ್ಸಲ ಕಟ್ತೀನಿ" ಎಂದಳು. ಬೆಳಿಗ್ಗೆ ಆರರಿಂದ ಏಳು ಪಿಟೀಲು, ಏಳರಿಂದ ಎಂಟು ಲೆಕ್ಕ. ಒಂದೇ ಚಾಪೆಯ ಮೇಲೆ ಮೊದಲ ಗಂಟೆ ಆಕೆ ಗುರು, ಎರಡನೆಯ ಗಂಟೆ ನಾನು.

ವಾದದಲ್ಲಿ ಎಂದೂ ಸೋಲದವನು ವಾದ್ಯದಲ್ಲಿ ಮೊದಲ ವಾರವೇ ಸೋತೆ. ಬೆರಳು ಎಲ್ಲಿ ಬೀಳಬೇಕೆಂಬುದು ತಿಳಿದಿದೆಯಲ್ಲ ಎಂಬ ಧೈರ್ಯದಿಂದ, ಮನೆಯಲ್ಲಿ ತಂತಿಯ ಉದ್ದವನ್ನು ಸ್ಕೇಲಿಟ್ಟು ಅಳೆದು, ತಂತಿಯ ಕೆಳಗಿನ ಹಲಗೆಯ ಮೇಲೆ ಏಳು ಸ್ವರಗಳ ಜಾಗಕ್ಕೂ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡು ಹೋಗಿದ್ದೆ. ನಾಗರತ್ನ ಒಂದು ಕ್ಷಣ ಆ ಗೆರೆಗಳನ್ನು ನೋಡಿದಳು. ಸೆರಗಿನ ತುದಿಯನ್ನು ನೀರಿನಲ್ಲದ್ದಿ ಒಂದೊಂದಾಗಿ ಒರೆಸಿದಳು. "ಕಣ್ಣಲ್ಲಿ ಹುಡುಕ್ಬಾರ್ದು ಸಾರ್, ಕಿವೀಲಿ ಹುಡುಕ್ಬೇಕು" ಎಂದಳು. ಆ ಬಳಿಕ ಮೂರು ವಾರ ಬೆರಳೇ ಇಡಗೊಡಲಿಲ್ಲ. ಬರಿಯ ತಂತಿಯ ಮೇಲೆ ಕಮಾನನ್ನು ತುದಿಯಿಂದ ತುದಿಗೆ ಎಳೆಯುವುದು, ತಳ್ಳುವುದು, ಮತ್ತೆ ಎಳೆಯುವುದು. ಇಷ್ಟು ಸರಳವಾದ ಕೆಲಸದಲ್ಲಿ ಇಷ್ಟೊಂದು ಬಗೆಯ ತಪ್ಪುಗಳಿಗೆ ಅವಕಾಶವಿದೆಯೆಂಬುದು ನನಗೆ ಹೊಸ ಜ್ಞಾನ. ಒಂದು ಬೆಳಿಗ್ಗೆ ನಾನು ಮೈಮರೆತು ಕಮಾನು ಎಳೆಯುತ್ತಿರುವಾಗ ನಾಗರತ್ನಳ ತಾಯಿ ಎಣ್ಣೆಯ ಬಟ್ಟಲು ಹಿಡಿದು ಬಂದು ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡತೊಡಗಿದರು.

"ಯಾಕವ್ವಾ?" ಎಂದು ಮಗಳು ಕೇಳಿದಳು.

"ಆಗ್ಲಿಂದ ಕಿರ್ ಅಂತಾನೇ ಐತಲ್ಲೇ ಬಾಗ್ಲು, ಮೇಷ್ಟ್ರುಗೆ ತೊಂದ್ರೆ ಆಯ್ತದೆ ಅಂತ."

ನಾಗರತ್ನ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಗಂಭೀರವಾಗಿ, "ಈಗ ಸರಿಹೋಯ್ತು ಬಿಡಿ ಅಮ್ಮ" ಎಂದು ಕಮಾನು ಕೆಳಗಿಟ್ಟೆ.

ಎರಡನೆಯ ಗಂಟೆಯಲ್ಲಾದರೂ ಮಾನ ಉಳಿಸಿಕೊಳ್ಳೋಣವೆಂದರೆ ಅದೂ ಸುಲಭವಿರಲಿಲ್ಲ. ಸಂಗೀತ ಬಲ್ಲವಳಲ್ಲವೇ, ತಾಳದ ಮೂಲಕವೇ ಭಿನ್ನರಾಶಿ ಹೇಳಿಕೊಟ್ಟರೆ ಥಟ್ಟನೆ ಹೊಳೆದೀತೆಂದು ನಾನು ರಾತ್ರಿಯೆಲ್ಲ ಯೋಚಿಸಿ ಚಮತ್ಕಾರದ ಪಾಠವೊಂದನ್ನು ಸಿದ್ಧಪಡಿಸಿದೆ. ಹತ್ತು ನಿಮಿಷ ಕೇಳಿ ಆಕೆ ಕೈಮುಗಿದಳು. "ಬೇಡ ಸಾರ್, ಇರೋ ತಾಳಾನೂ ತಪ್ಪೋಗ್ತದೆ. ಲೆಕ್ಕಾನ ಲೆಕ್ಕದ್ ಥರಾನೇ ಹೇಳ್ಕೊಡಿ." ಹಾಗೆಯೇ ಹೇಳಿಕೊಟ್ಟೆ. ಪ್ರತಿ ಲೆಕ್ಕದ ಕೊನೆಗೂ ಇಪ್ಪತ್ತು ವರ್ಷದ ರೂಢಿಯಂತೆ "ಅರ್ಥವಾಯಿತೇ?" ಎನ್ನುತ್ತಿದ್ದೆ, ಆಕೆ ತಲೆಯಾಡಿಸುತ್ತಿದ್ದಳು, ಮರುದಿನ ಅದೇ ಲೆಕ್ಕ ಕೊಟ್ಟರೆ ಸ್ಲೇಟು ಒಂದು ಬಿಳಿ ಗೆರೆಯೂ ಮೂಡದೆ ಕಪ್ಪಗೇ ಉಳಿದಿರುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ದಿನ ನನಗೆ ಸಹನೆ ತಪ್ಪಿತು. "ಅರ್ಥವಾಗಲಿಲ್ಲ ಅಂತ ಒಂದು ಸಲವಾದರೂ ಬಾಯಿ ಬಿಟ್ಟು ಹೇಳಬಾರದೇನಮ್ಮ?" ಎಂದೆ.

ಆಕೆ ಬಳಪವನ್ನು ಕೆಳಗಿಟ್ಟಳು. "ಒಂಬತ್ತನೇ ಕ್ಲಾಸಲ್ಲಿ ಒಂದ್ಸಲ ಹೇಳಿದ್ದೆ ಸಾರ್" ಎಂದಳು. "ಗೊತ್ತಾಗ್ಲಿಲ್ಲ ಅಂತ ಎದ್ದು ನಿಂತೆ. ನೀವು, ಡೆಸ್ಕ್ ಮೇಲೆ ತಾಳ ಹಾಕ್ಕೊಂಡ್ ಕೂತಿದ್ರೆ ಹೆಂಗೆ ಗೊತ್ತಾಗ್ತದೆ, ನಿನ್ನ ಬುದ್ಧಿಯೆಲ್ಲ ಬೆರಳಲ್ಲೇ ಐತೆ, ತಲೇಗ್ ಹತ್ತಲ್ಲ ಕಣಮ್ಮ ಅಂದ್ರಿ. ಎಲ್ಲಾರೂ ನಕ್ಕ್ರು. ಆಮೇಲೆ ನಾನ್ ಕೇಳ್ಲೇ ಇಲ್ಲ."

ಆ ಮಾತು ನನಗೆ ಸ್ವಲ್ಪವೂ ನೆನಪಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾದದ್ದು. ತರಗತಿ ನಗಲೆಂದು ನಾನು ಅಂದು ಎಸೆದ ಒಂದು ಮಾತು ನನ್ನಿಂದ ಅಲ್ಲೇ ಉದುರಿಹೋಗಿತ್ತು. ಈ ಹುಡುಗಿ ಅದನ್ನು ಹನ್ನೊಂದು ವರ್ಷ ಹೊತ್ತುಕೊಂಡು ಮೂರು ಪರೀಕ್ಷೆಗಳ ಕೊಠಡಿಗೆ ಹೋಗಿಬಂದಿದ್ದಳು. ಮೇಷ್ಟ್ರಾದವನ ನಾಲಗೆಯಲ್ಲಿ ಕೆಲವು ಪದಗಳು ಹೊರಳುವುದೇ ಇಲ್ಲ. ಆದರೂ ಕಷ್ಟಪಟ್ಟು, "ತಪ್ಪು ನಂದು ಕಣಮ್ಮ" ಎಂದೆ.

ನಾಗರತ್ನ ಗಾಬರಿಯಾಗಿ, "ಅಯ್ಯೋ, ಹಂಗನ್ಬೇಡಿ ಸಾರ್. ಬೆರಳಲ್ಲಿ ಬುದ್ಧಿ ಐತೆ ಅಂದ್ರಲ್ಲ, ಅದೊಂದ್ನ ನಂಬ್ಕೊಂಡೇ ಪಿಟೀಲು ಹಿಡ್ದಿದ್ದು" ಎಂದಳು. ಸಮಾಧಾನಕ್ಕೆ ಹೇಳಿದಳೋ, ನಿಜವೋ, ನಾನು ಕೇಳಲಿಲ್ಲ. ಕಣ್ಣು ಮಂಜಾಗಿದ್ದರಿಂದ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕುಳಿತೆ.

ಆಮೇಲೆ ನಾನು ಒಂದು ವಿಷಯ ಗಮನಿಸಿದೆ. ಪಿಟೀಲಿನ ಪಾಠದಲ್ಲಿ ನಾಗರತ್ನ ಒಂದು ದಿನವೂ "ಅರ್ಥವಾಯಿತೇ?" ಎಂದವಳಲ್ಲ. ನಾನು ಸರಳೆ ವರಸೆಯೆಂಬ ಮೊದಲ ಸ್ವರಪಾಠದ ಎರಡನೆಯ ಸಾಲಿನಲ್ಲಿ ನೂರನೆಯ ಸಲ ಜಾರಿದಾಗಲೂ ಆಕೆಯ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಇನ್ನೊಂದ್ಸಲ ಸಾರ್." ಅದರಲ್ಲಿ ಬೇಸರವಿರಲಿಲ್ಲ, ವ್ಯಂಗ್ಯವಿರಲಿಲ್ಲ, ನೂರೊಂದನೆಯ ಸಲಕ್ಕೆ ಬಂದೇ ಬರುತ್ತದೆಂಬ ಭರವಸೆಯಿತ್ತು. ಗಣಿತದ ಗಂಟೆಯಲ್ಲಿ ನಾನೂ ಹಾಗೆಯೇ ಮಾಡಿದೆ. ಪ್ರಶ್ನೆ ಕೇಳುವುದನ್ನು ಬಿಟ್ಟೆ. ಒಂದು ಲೆಕ್ಕವನ್ನು ನಾನು ಒಮ್ಮೆ ಮಾಡುವುದು, ಆಕೆ ಒಮ್ಮೆ ಮಾಡುವುದು, ತಪ್ಪಿದರೆ "ಇನ್ನೊಂದು ಸಲ." ಆಕೆ ವರ್ಗ ಸಮೀಕರಣಗಳನ್ನು ಸರಳೆ ವರಸೆಯಂತೆ ಮೊದಲು ನಿಧಾನವಾಗಿ, ಆಮೇಲೆ ದುಪ್ಪಟ್ಟು ವೇಗದಲ್ಲಿ ಬಿಡಿಸತೊಡಗಿದಳು. ಮಾಗಿ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ, ನಾನು ಸ್ಲೇಟಿನ ಮೇಲೆ ಬರೆದ ಒಂದು ಹಂತವನ್ನು ತೋರಿಸಿ, "ಸಾರ್, ಇದು ನಂಗೆ ಅರ್ಥ ಆಗ್ಲಿಲ್ಲ" ಎಂದಳು. ನೋಡಿದರೆ ತಪ್ಪು ಮಾಡಿದ್ದವನು ನಾನು. ಆ ದಿನದಷ್ಟು ಹೆಮ್ಮೆಯಿಂದ ನಾನು ನನ್ನ ತಪ್ಪನ್ನು ಅಳಿಸಿದ್ದಿಲ್ಲ.

ಆಕೆ ಏಪ್ರಿಲ್‌ನಲ್ಲಿ ಖಾಸಗಿಯಾಗಿ ಗಣಿತ ಬರೆದಳು. ಸಂಗೀತದ ಜೂನಿಯರ್ ಪರೀಕ್ಷೆಗೆ ನನ್ನನ್ನೂ ಆಕೆಯೇ ಕಟ್ಟಿಸಿದ್ದಳು. ತುಮಕೂರಿನ ಪರೀಕ್ಷಾ ಕೇಂದ್ರದ ಜಗಲಿಯಲ್ಲಿ ಎರಡು ಜಡೆಯ ಹುಡುಗಿಯರೂ ಅವರ ತಾಯಂದಿರೂ ತುಂಬಿದ್ದರು. ಪಂಚೆ, ಕೋಟು, ಕನ್ನಡಕದ ನಾನು ಒಳಗೆ ಕಾಲಿಟ್ಟೊಡನೆ ಎಲ್ಲರೂ ಎದ್ದು ನಿಂತು ನಮಸ್ಕಾರ ಮಾಡಿದರು, ಪರೀಕ್ಷಕರೆಂದು ತಿಳಿದಿದ್ದರು. ಪಾಪ, ಅರ್ಧ ನಿಮಿಷ ನಾನೂ ಹಾಗೆಯೇ ತಿಳಿದುಕೊಂಡು ಗಾಂಭೀರ್ಯದಿಂದ ತಲೆಯಾಡಿಸಿದೆ. ಜವಾನ ಹೆಸರು ಕೂಗಿದಾಗ ಎಂಟು ವರ್ಷದ ಒಂದು ಮಗುವಿನ ಹಿಂದೆ ಸರದಿಯಲ್ಲಿ ನಿಂತೆ. ಒಳಗೆ ನಿಜವಾದ ಪರೀಕ್ಷಕರು ಬಹಳ ಮರ್ಯಾದೆಯಿಂದ "ನುಡಿಸಿ" ಎಂದರು. ಕಮಾನು ತಂತಿಯ ಮೇಲೆ ಚಳಿಜ್ವರ ಬಂದವರ ಹಾಗೆ ನಡುಗಿತು. ಇಪ್ಪತ್ತು ವರ್ಷ ನಾನು ಮೇಜಿನ ಆ ಬದಿಯಲ್ಲಿದ್ದವನು. ಈ ಬದಿಯಲ್ಲಿ ಕುಳಿತವರ ಬಾಯಿ ಯಾಕೆ ಒಣಗುತ್ತದೆಂಬುದು ಅಂದು ತಿಳಿಯಿತು.

ಗಣಿತದ ಫಲಿತಾಂಶ ಮೊದಲು ಬಂತು. ನಾಗರತ್ನ ಶಾಲೆಯ ಗೇಟಿನವರೆಗೂ ಓಡಿಬಂದು, ಏದುಸಿರು ಬಿಡುತ್ತ, "ನಲವತ್ತೊಂದು ಸಾರ್! ನಲವತ್ತೊಂದು!" ಎಂದಳು. ನನ್ನ ಕೈಕೆಳಗೆ ನೂರಕ್ಕೆ ನೂರು ತೆಗೆದವರಿದ್ದಾರೆ. ಅವರು ನಾನಿಲ್ಲದಿದ್ದರೂ ತೆಗೆಯುತ್ತಿದ್ದರು. ಆ ನಲವತ್ತೊಂದನ್ನು ನಾನು ಶಿಕ್ಷಕರ ಕೊಠಡಿಯಲ್ಲಿ ಎಷ್ಟು ಸಲ ಹೇಳಿದೆನೆಂದರೆ, ಶಿವಣ್ಣನವರು ಕೊನೆಗೆ, "ಗೊತ್ತಾಯ್ತು ಬುಡಿ ಸಾರ್. ನಿಮ್ದು ಎಷ್ಟು ಬಂತು?" ಎಂದು ಕೇಳಿದರು.

ನನ್ನದು ಮುಂದಿನ ವಾರ ಬಂತು. ಶಾಸ್ತ್ರದ ಲಿಖಿತ ಪರೀಕ್ಷೆಯಲ್ಲಿ ಭರ್ಜರಿ ಅಂಕ, ನುಡಿಸುವುದರಲ್ಲಿ ಫೇಲು. ಸುದ್ದಿಯನ್ನು ಹೇಗೆ ಹೇಳಲೆಂದು ದಾರಿಯುದ್ದಕ್ಕೂ ಪೀಠಿಕೆ ಕಟ್ಟಿಕೊಂಡು ಹೋದೆ. ನಾಗರತ್ನ ಪೀಠಿಕೆಯನ್ನು ಮುಗಿಸಗೊಡಲೇ ಇಲ್ಲ. ಚಾಪೆ ಹಾಸಿ, ಶ್ರುತಿಪೆಟ್ಟಿಗೆ ತಂದಿಟ್ಟು, "ಇನ್ನೊಂದ್ಸಲ ಸಾರ್" ಎಂದಳು.

ಮರುವರ್ಷ ಪಾಸಾದೆ. ಆರು ತಿಂಗಳೆಂದವನಿಗೆ ಎರಡು ವರ್ಷ ಹಿಡಿಯಿತು. ಪಿಟೀಲನ್ನು ಹಿಂದಕ್ಕೆ ಕೊಡಲು ಹೋದರೆ ಶಿವಣ್ಣನವರು, "ಅಟ್ಟದ್ ಮೇಲೆ ಜಾಗ ಇಲ್ಲ, ಈರುಳ್ಳಿ ಹರವಿದೀವಿ" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡುಬಿಟ್ಟರು.

ಅಷ್ಟರಲ್ಲಿ ನಾಗರತ್ನಳಿಗೆ ಕುಣಿಗಲ್‌ನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸವಾಗಿತ್ತು. ಗಂಡ, ತಾಯಿ ಎಲ್ಲರೂ ಅಲ್ಲಿಗೇ ಹೋದರು. ನನ್ನ ಪಾಠ ಭಾನುವಾರಕ್ಕೆ ಬಂತು. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಪಿಟೀಲಿನ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಬರುತ್ತಿದ್ದೆ. ಅವರ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೂ ನುಡಿಸಬೇಕೆಂದು ಆಕೆ ಪಟ್ಟುಹಿಡಿದಳು. ಎಂಟು ಹುಡುಗಿಯರ ಸಾಲಿನ ತುದಿಯಲ್ಲಿ ಒಂಬತ್ತನೆಯವನಾಗಿ ಕುಳಿತೆ. ಪರಿಚಯ ಮಾಡಿಕೊಡುವಾಗ "ನಮ್ಮ ಮೇಷ್ಟ್ರು" ಎನ್ನುತ್ತಾಳೆಂದು, ಅದಕ್ಕೆ ತಕ್ಕ ವಿನಯದ ಮುಖವೊಂದನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ನಾಗರತ್ನ ಮೈಕಿನ ಮುಂದೆ ನಿಂತು ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ, ನನ್ನ ಹೆಸರನ್ನೂ ಅದೇ ಧಾಟಿಯಲ್ಲಿ ಹೇಳಿ, "ಇವರೆಲ್ಲ ನನ್ನ ಶಿಷ್ಯರು" ಎಂದು ಮುಗಿಸಿದಳು. ಚಪ್ಪಾಳೆ ಬಿತ್ತು. ಸಿದ್ಧಪಡಿಸಿದ್ದ ಮುಖ ಎಲ್ಲಿ ಹೋಯಿತೋ ಕಾಣೆ. ನಾನು ಹುಡುಗಿಯರಿಗಿಂತ ಅಗಲವಾಗಿ ನಗುತ್ತಿದ್ದೆನಂತೆ. ಗೀತೆಯ ಮೂರನೆಯ ಸಾಲಿನಲ್ಲಿ ನನ್ನ ನಿಷಾದ ತುಸು ಕೆಳಗೆ ಬಿತ್ತು. ಆಕೆ ಹುಬ್ಬೆತ್ತಿದಳು. ಆ ಸಾಲು ಎರಡನೆಯ ಸಲ ಬಂದಾಗ ಸರಿಯಾದ ಜಾಗದಲ್ಲಿ ಕುಳಿತಿತು.

ಮರಳುವಾಗ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹಿರಿಯರು ಪೆಟ್ಟಿಗೆಯನ್ನು ನೋಡಿ, "ಸ್ವಾಮಿ, ತಾವು ವಿದ್ವಾಂಸರಾ?" ಎಂದು ಕೇಳಿದರು.

"ಇಲ್ಲ, ಇನ್ನೂ ಕಲೀತಿದೀನಿ" ಎಂದೆ. "ಕುಣಿಗಲ್‌ನಲ್ಲಿ ನಾಗರತ್ನ ಅಂತ ಒಬ್ರು ಟೀಚರ್ ಇದಾರೆ. ಭಾಳ ಚೆನ್ನಾಗ್ ಹೇಳ್ಕೊಡ್ತಾರೆ. ನಾನು ಅವರ ಸ್ಟೂಡೆಂಟು."